ಈರಕ್ಯಾತ ತಂದ ಬಾಳಿಕೆಯ ವೈರು

ನಗೋರು ಆಮೇಲೆ ನಗಿ, ಮೊದಲು ಬಾಯಿ ಮುಚ್ಕೊಂಡು ಕೇಳಿ. ನಡುವೆ ಯಾರಾದ್ರೂ "ಆಮೇಲೆ? ಆಮೇಲೆ?" ಅಂತ ಪೀಡಿಸಿದ್ರೆ ನಾನು ಎದ್ದು ಹೋಗೋಳೇ.

ನಮ್ಮೂರಲ್ಲಿ ಸಣ್ಣಹೊನ್ನಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ. ಅವಳಿಗೊಬ್ಬನೇ ಮಗ, ಈರಕ್ಯಾತ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಬಾಗಿಲು ನೋಡ್ಕೊಂಡಿರೋ" ಅಂದ್ರೆ ಕಳ್ಳ ಹಿತ್ತಲಿಂದ ನುಗ್ಗಿ ಪಾತ್ರೆ ಹೊತ್ಕೊಂಡು ಹೋದ್ರೂ ಬಾಗಿಲನ್ನೇ ನೋಡ್ತಾ ಕೂರೋನು. ಅವ್ವ ಬೈದ್ರೆ, "ನೀ ಹೇಳ್ದಂಗೇ ಮಾಡಿದ್ನಲ್ಲವ್ವಾ!" ಅನ್ನೋನು.

"ಅಯ್ಯೋ ನನ್ನ ಕರ್ಮವೇ! ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಗತಿ ಏನೋ!" ಅಂತ ಅವಳು ಹಣೆ ಚಚ್ಕೊಳ್ಳೋಳು.

ಒಂದು ಕೆಲಸ ಮಾತ್ರ ಅವನಿಗೆ ಚೆನ್ನಾಗಿ ಬರ್ತಿತ್ತು, ಕಾರು ಓಡಿಸೋದು. ಅಪ್ಪ ಬಿಟ್ಟುಹೋದ ಹಳೇ ಅಂಬಾಸಿಡರ್. ಊರಿಗೆಲ್ಲ ಅದೊಂದೇ ಕಾರು. ಅದೂ ಈಚೆಗೆ ಕುಂಟೋಕೆ ಶುರು ಮಾಡ್ತು. ಕೆಮ್ಮೋದು, ನಡುಗೋದು, ದಿಬ್ಬ ಬಂದ್ರೆ ನಿಂತೇಬಿಡೋದು. ಮೆಕ್ಯಾನಿಕ್ ಗನಿ ಸಾಬ್ರು ಬಾನೆಟ್ ಎತ್ತಿ ನೋಡಿದ್ರು.

"ಪ್ಲಗ್ ವೈರು ಮುಗಿದೋಗಿವೆ ಹೊನ್ನಮ್ಮಾ. ರಬ್ಬರೆಲ್ಲ ಬಿರುಕು ಬಿಟ್ಟಿದೆ. ಕರೆಂಟು ಪ್ಲಗ್ಗಿಗೆ ಹೋಗದೆ ದಾರೀಲೇ ಸೋರಿ ಹೋಗ್ತಿದೆ. ಬೇರೆ ಹಾಕ್ಸು" ಅಂದ್ರು.

ಹೊನ್ನಮ್ಮ ತಲೆ ಮೇಲೆ ಕೈ ಹೊತ್ಕೊಂಡು ಕೂತಳು. ಯಾಕೆ ಗೊತ್ತಾ? ಪಕ್ಕದ ಮನೆ ಸಿದ್ದಗಂಗಿಗೆ ದಿನ ತುಂಬಿತ್ತು. ಫೋನ್ ಮಾಡಿದ್ರೆ ಆಂಬುಲೆನ್ಸ್ ಬರೋ ಕಾಲ ಅಲ್ಲ ಅದು. ಹೋದ ಸಲ ಈ ಕಾರು ಊರಲ್ಲಿರದೆ, ಬೇರೆ ಗಾಡಿನೂ ಸಿಗದೆ, ಆಸ್ಪತ್ರೆ ಸೇರೋದು ತಡವಾಗಿ, ಆ ಹುಡುಗಿ ಕೂಸು ಕಳಕೊಂಡಿದ್ದಳು. "ಈ ಸಲ ಹೆದರಬ್ಯಾಡ ಕಣೇ, ನಮ್ಮ ಕಾರೈತೆ" ಅಂತ ಹೊನ್ನಮ್ಮ ಕೈ ಹಿಡಿದು ಮಾತು ಕೊಟ್ಟಿದ್ದಳು. ಮಾತೇನೋ ಕೊಟ್ಟಾಯ್ತು, ಈಗ ನೋಡಿದ್ರೆ ಕಾರೇ ಇಲ್ಲ.

"ಈರಾ, ಪೇಟೆಗೆ ಹೋಗಿ ಪ್ಲಗ್ ವೈರು ತಗೊಂಡು ಬಾರೋ. ಬಾಳಿಕೆ ಬರಬೇಕು. ಎಳೆದ್ರೆ ಕಿತ್ತು ಬರಬಾರದು, ಅಂಥ ಗಟ್ಟಿ ವೈರು ತಾ."

"ಆಯ್ತವ್ವಾ!"

ಹೋದ. ಪೇಟೇಲಿ ಕಾರಿನ ಸಾಮಾನು ಮಾರೋರು ಶೇಷಣ್ಣ ಶೆಟ್ರು. ಶೆಟ್ರು ವೈರು ಕೊಟ್ರೆ ಈರಕ್ಯಾತ, "ಅಣ್ಣಾ, ಆ ತುದಿ ನೀವು ಹಿಡ್ಕೊಳ್ಳಿ" ಅಂದ. ಪಾಪ, ಶೆಟ್ರು ಯಾಕೆ ಏನು ಅನ್ನದೆ ಹಿಡ್ಕೊಂಡ್ರು. ಇವನು ಕಾಲು ಊರಿ ಎಳೆದ! ವೈರಿನ ತುದಿಯ ರಬ್ಬರ್ ಟೋಪಿ ಶೆಟ್ರ ಕೈಲಿ, ಶೆಟ್ರು ಡಬ್ಬಗಳ ಮೇಲೆ, ಡಬ್ಬಗಳು ಬೀದೀಲಿ. "ಇದು ಗಟ್ಟಿ ಇಲ್ಲ ಬಿಡಿ ಅಣ್ಣಾ" ಅಂದವನೇ ಎದುರಿನ ಕಬ್ಬಿಣದ ಅಂಗಡಿಗೆ ಹೋಗಿ ಬೇಲಿ ತಂತಿಯ ಸುರುಳಿ ಹೊತ್ಕೊಂಡು ಬಂದ. ಮುಳ್ಳು ತಂತಿ!

"ಅವ್ವಾ, ಎತ್ತು ಕಟ್ಟಿ ಎಳೆದ್ರೂ ಕೀಳಲ್ಲ!"

"ಥೂ ನಿನ್ನ! ಬೇಲಿ ಕಟ್ತೀಯೇನೋ ಇಂಜಿನ್ನಿಗೆ? ಗಟ್ಟಿ ಇದ್ರೆ ಸಾಕೇನೋ, ಇಂಜಿನ್ ಬಿಸಿ ತಡೀಬೇಕು. ಹೋಗು, ವಾಪಸ್ ಕೊಟ್ಟು ಬಾ! ಬಿಸಿಗೆ ಸುಡದೇ ಇರೋ ವೈರು ತಾ!"

"ಆಯ್ತವ್ವಾ!"

ಮತ್ತೆ ಹೋದ. ಶೆಟ್ರು ಸೊಂಟಕ್ಕೆ ಎಣ್ಣೆ ಹಚ್ಕೊಂಡು ಕೂತಿದ್ರು. ಆದ್ರೂ ವ್ಯಾಪಾರ ನೋಡಿ, ಒಳ್ಳೇ ವೈರು ತೆಗೆದು, "ಇದು ಸಿಲಿಕೋನ್ ಹೊದಿಕೇದು ಕಣಯ್ಯಾ, ಎಂಥ ಬಿಸಿನೂ ತಡೀತದೆ" ಅಂದ್ರು. "ಹೌದಾ ಅಣ್ಣಾ?" ಅಂತ ಇವನು ಅದನ್ನ ಎತ್ಕೊಂಡು ಪಕ್ಕದ ಟೀ ಅಂಗಡಿಗೆ ನಡೆದ. ಒಲೆ ಬಾಗಿಲು ತೆಗೆದ, ನಿಗಿನಿಗಿ ಕೆಂಡದ ಮೇಲಿಟ್ಟ, ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಬೀದಿಯೆಲ್ಲ ಹೊಗೆ! ಟೀ ಕುಡೀತಿದ್ದೋರೆಲ್ಲ ಮೂಗು ಮುಚ್ಕೊಂಡು ಎದ್ದೋಡಿದ್ರು.

"ಸುಟ್ಟೋಯ್ತಲ್ಲ ಅಣ್ಣಾ, ಸುಳ್ಳು ಹೇಳಿದ್ರಿ!" ಅಂತ ಶೆಟ್ರನ್ನೇ ಬೈದು ಮನೆಗೆ ಬಂದ.

"ಅಯ್ಯೋ ಶನೀಶ್ವರಾ! ನೀನು ಪರೀಕ್ಷೆ ಮಾಡಬ್ಯಾಡ ಕಣೋ! ನಮ್ಮ ಕಾರಿಂದ ಒಂದು ಹಳೇ ವೈರು ಬಿಚ್ಕೊಂಡು ಹೋಗು. ತೋರಿಸು. ತದ್ರೂಪು ಇಂಥದ್ದೇ ಕೊಡಿ ಅನ್ನು. ಬೇರೆ ಏನು ಕೊಟ್ರೂ ತರಬ್ಯಾಡ!"

"ಆಯ್ತವ್ವಾ!"

ಶೆಟ್ರು ಅಳತೆ ನೋಡಿ ಸರಿಯಾದದ್ದನ್ನೇ ಕೊಟ್ರು. ಈರಕ್ಯಾತ ಎರಡನ್ನೂ ಪಕ್ಕಪಕ್ಕ ಹಿಡಿದ. ಹಳೇದ್ರಲ್ಲಿ ಬಿರುಕೈತೆ, ಹೊಸದ್ರಲ್ಲಿ ಇಲ್ಲ. ಹಳೇದಕ್ಕೆ ಟೇಪು ಸುತ್ತೈತೆ, ಹೊಸದಕ್ಕಿಲ್ಲ. ಹಳೇದು ಜಿಡ್ಡು, ಹೊಸದು ಥಳಥಳ. "ಇಂಥದ್ದಲ್ಲ ಅಣ್ಣಾ" ಅಂತ ನಡೆದ. ಪೇಟೆಯೆಲ್ಲ ಸುತ್ತಿದ. ಕೊನೆಗೆ ಗುಜರಿ ಅಂಗಡೀಲಿ ಸಿಕ್ತು ನೋಡಿ! ಅದೇ ಬಿರುಕು, ಅದೇ ಟೇಪು, ಅದೇ ಜಿಡ್ಡು. ಕುಣಿಕುಣೀತಾ ಬಂದ.

ಹೊನ್ನಮ್ಮ ಸೆರಗಿಂದ ಕಣ್ಣೊರೆಸ್ಕೊಂಡಳು. ಗೋಡೆಯಾಚೆ ಸಿದ್ದಗಂಗಿ ಸೊಂಟ ಹಿಡ್ಕೊಂಡು ಓಡಾಡ್ತಿದ್ದಳು. "ದೊಡ್ಡವ್ವಾ, ಕಾರು ಸರಿ ಹೋಯ್ತಾ?" ಅಂತ ದಿನಾ ಕೇಳೋಳು. ಆ ಹುಡುಗಿ ಮುಖ ನೋಡೋಕೆ ಹೊನ್ನಮ್ಮನಿಗೆ ಆಗ್ತಿರಲಿಲ್ಲ.

"ಈರಾ, ಒಂದು ಮಾತು ನೆನಪಿಟ್ಕೋ ಮಗಾ. ಬಾಳಿಕೆ ಬರದ ವಸ್ತುನ ಮನೇಲಿಟ್ಕೋಬಾರದು. ತಂದ ಅಂಗಡಿಗೇ ವಾಪಸ್ ಕೊಡಬೇಕು. ತಿಳೀತಾ? ಹೋಗು. ಈ ಸಲ ಶೆಟ್ರು ಏನು ಕೊಡ್ತಾರೋ ಅದನ್ನ ತಾ. ಅವರು ಹೇಳ್ದಂಗೆ ಕೇಳು."

"ಆಯ್ತವ್ವಾ!"

ಶೆಟ್ರು ಕೈ ಮುಗಿದೇ ವೈರಿನ ಕಟ್ಟು ಕೊಟ್ರು. "ನೋಡಪ್ಪಾ, ಬಿಸಿ, ಎಣ್ಣೆ, ಎಳೆದಾಟ, ಇವು ಈ ವೈರಿಗೆ ಆಗಿಬರಲ್ಲ. ಅವುಗಳಿಂದ ದೂರ ಇಟ್ಯೋ, ವರ್ಷಗಟ್ಟಲೆ ಬಾಳ್ತದೆ. ಈಗ ಹೋಗು ಮಹರಾಯಾ."

ಗನಿ ಸಾಬ್ರು ಮನೆ ಬಾಗಿಲಲ್ಲೇ ತಡೆದು ನೋಡಿದ್ರು. "ಭಲೇ! ಸರಿಯಾದದ್ದೇ ತಂದಿದೀಯ. ನೀನೇ ಹಾಕು, ಕಷ್ಟ ಇಲ್ಲ. ಎಲ್ಲಾ ಒಟ್ಟಿಗೆ ಬಿಚ್ಚಬೇಡ. ಒಂದು ಬಿಚ್ಚು, ಅದರ ಜಾಗಕ್ಕೆ ಅಷ್ಟೇ ಉದ್ದದ್ದು ಹಾಕು. ಆಮೇಲೆ ಇನ್ನೊಂದು ಮುಟ್ಟು" ಅಂದ್ರು. ಹೊನ್ನಮ್ಮನ ಜೀವ ತಣ್ಣಗಾಯ್ತು. ಅಂತೂ ಒಂದು ಕೆಲಸ ನೆಟ್ಟಗಾಯ್ತಪ್ಪಾ ಅಂತ ಅವಳು ರೊಟ್ಟಿ ತಟ್ಟೋಕೆ ಒಳಗೆ ಹೋದಳು.

ಈರಕ್ಯಾತ ಬಾನೆಟ್ ಎತ್ತಿದ. ಬಿಸಿಲಿಗೆ ಕಾದ ಇಂಜಿನ್ ಮುಟ್ಟಿದ, ಬಿಸಿ! ಬೆರಳು ನೋಡ್ಕೊಂಡ, ಎಣ್ಣೆ! ಹಳೇ ವೈರು ನೋಡಿದ, ಅತ್ತಿಂದಿತ್ತ ಬಿಗಿಯಾಗಿ ಎಳೆದು ಸಿಕ್ಕಿಸಿದಾರೆ! "ಅಯ್ಯಪ್ಪಾ, ಇಲ್ಲಿಟ್ರೆ ಉಳೀತದಾ?" ಅಂತ ಬಾನೆಟ್ ಮುಚ್ಚಿದ.

ಆಗ ಅವನಿಗೆ ಅವ್ವನ ಟ್ರಂಕು ನೆನಪಾಯ್ತು. ಅದರಲ್ಲಿ ಅವ್ವನ ಧಾರೆ ಸೀರೆ ಇತ್ತು, ಪೇಟೆಯ ರೇಷ್ಮೆ ಅಂಗಡೀದು. ಮದುವೆ ದಿನ ಉಟ್ಟದ್ದೇ ಉಟ್ಟದ್ದು. ಆಮೇಲೆ ಯಾರ ಮದುವೆಗೆ ಹೋದ್ರೂ ಹತ್ತಿ ಸೀರೆಯೇ. ಯುಗಾದಿಗೊಮ್ಮೆ ಟ್ರಂಕ್ ತೆಗೆದು, ಸೀರೆ ಮೇಲೆ ಕೈಯಾಡಿಸಿ, "ನೋಡೋ, ಉಡದೇ ಎತ್ತಿಟ್ಟಿದ್ದಕ್ಕೆ ಹೆಂಗೆ ಬಾಳ್ತಾ ಐತೆ!" ಅಂತ ಮುಚ್ಚೋಳು. ಈರಕ್ಯಾತ ವೈರನ್ನ ಒರೆಸಿ, ಕಾಗದ ಸುತ್ತಿ, ಆ ಸೀರೆ ಮೇಲಿಟ್ಟು, ಪಕ್ಕದಲ್ಲಿ ನುಸಿಗುಳಿಗೆ ಇಟ್ಟ.

ಇದಾದ ಮಾರನೇ ದಿನ, ಬೆಳಗ್ಗೆ ಹೊತ್ತು, ಗೋಡೆಯಾಚೆಯಿಂದ ಕೂಗು ಬಂತು. "ದೊಡ್ಡವ್ವಾ! ನೋವು ಶುರುವಾಯ್ತು!" ಹೊನ್ನಮ್ಮ ಓಡಿದಳು, ಸಿದ್ದಗಂಗಿಯನ್ನ ಕರಕೊಂಡು ಬಂದು ಕಾರಲ್ಲಿ ಕೂರಿಸಿದಳು. ಈರಕ್ಯಾತ ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ನಡುಗಿತು, ನಿಂತಿತು.

"ಹೊಸ ವೈರು ಹಾಕಿದೀಯಲ್ಲೋ!"

"ಇಲ್ಲವ್ವಾ! ಹಾಕಿದ್ರೆ ಹಾಳಾಗಲ್ವಾ? ಟ್ರಂಕಲ್ಲಿ ಎತ್ತಿಟ್ಟಿದೀನಿ, ನಿನ್ನ ಸೀರೆ ಥರ!"

ಕಾರೊಳಗೆ ಸಿದ್ದಗಂಗಿ ಕಿರಚಿದಳು. ಹೊನ್ನಮ್ಮನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. "ಲೋ ಪಾಪೀ! ಒಳ್ಳೇ ವಸ್ತು ತರೋದು ಎತ್ತಿಟ್ಟು ಕೊಳೆಸೋಕೇನೋ? ಬೇಕಾದಾಗ ಬಳಸೋಕಲ್ಲವೇನೋ? ಓಡು! ಟ್ರಂಕಲ್ಲಿರೋದೆಲ್ಲ ಈಚೆಗೆ ತಾ!"

ಓಡಿದ. ವೈರು ತಂದ. ಟ್ರಂಕಲ್ಲಿರೋದೆಲ್ಲ ಅಂದಿದ್ದಳಲ್ಲ, ಸೀರೆನೂ ತಂದು ಸೀಟಿನ ಕೆಳಗೆ ತುರುಕಿದ. ಆ ಗಡಿಬಿಡೀಲಿ ಯಾರು ನೋಡ್ತಾರೆ? "ಬೇಗ ಹಾಕೋ, ಎಲ್ಲಾ ಕಿತ್ತಾಕೋ!" ಅಂತ ಹೊನ್ನಮ್ಮ ಎದೆ ಬಡಕೊಂಡಳು.

"ಊಹೂಂ. ಒಂದು ಬಿಚ್ಚು, ಒಂದು ಹಾಕು. ಸಾಬ್ರು ಹೇಳವ್ರೆ."

ಇಲ್ಲಿ ಕೇಳಿ. ಬುದ್ಧಿವಂತ ಆಗಿದ್ರೆ ಆ ಅವಸರದಲ್ಲಿ ಎಲ್ಲಾ ಒಟ್ಟಿಗೆ ಕಿತ್ತು, ಯಾವುದು ಎಲ್ಲಿಗೆ ಅಂತ ತಿಳೀದೆ ತಲೆ ಚಚ್ಕೋತಿದ್ದ. ಈ ಪೆದ್ದ ಒಂದು ಬಿಚ್ಚಿದ, ಒಂದು ಹಾಕಿದ. ಒಂದು ಬಿಚ್ಚಿದ, ಒಂದು ಹಾಕಿದ. ಅವ್ವನ ಅಳು ಅವನಿಗೆ ಕೇಳಿಸಲೇ ಇಲ್ಲ. ಕೀಲಿ ತಿರುಗಿಸಿದ್ರೆ ಗರ್ರ್ ಅಂತ ಸ್ಟಾರ್ಟ್ ಆಯ್ತು. ದಿಬ್ಬ ಹತ್ತಿತು, ಇಳೀತು, ಆಸ್ಪತ್ರೆ ಮುಂದೆ ನಿಂತಿತು. ಸಿದ್ದಗಂಗಿಗೆ ಹೆಣ್ಣು ಕೂಸು. ಕೂಗಿದ ಕೂಗಿಗೆ ಆಸ್ಪತ್ರೆ ಸೂರು ಹಾರಿಹೋಗಬೇಕು, ಹಂಗೆ ಅತ್ತಿತು!

ನರ್ಸಮ್ಮ ಈಚೆ ಬಂದು, "ಕೂಸು ಸುತ್ತೋಕೆ ಮೆತ್ತನೆ ಹಳೇ ಬಟ್ಟೆ ಕೊಡಿ" ಅಂದಳು. ಬಾಣಂತಿ ಬಟ್ಟೆಗಂಟು ಮನೇಲೇ ಮರೆತುಹೋಗಿತ್ತು. "ನಮ್ಮತ್ರ ಐತೆ!" ಅಂತ ಈರಕ್ಯಾತ ಓಡಿ ತಂದುಕೊಟ್ಟ. ಹೊನ್ನಮ್ಮ ನೋಡ್ತಾಳೆ, ಧಾರೆ ಸೀರೆ!

"ಲೋ..." ಅಂದಳು. ಅಷ್ಟರಲ್ಲಿ ನರ್ಸಮ್ಮ ಸೀರೆ ಬಿಡಿಸಿದಳು. ಮಡಿಕೆ ಮಡಿಕೆಯಲ್ಲೂ ಚರ್ರಂತ ಸೀಳಿಕೊಂಡು ತುಂಡು ತುಂಡಾಗಿ ಬಂತು. ಉಡದ ಸೀರೆ, ನೆನೆಯದ ಸೀರೆ, ಬಿಸಿಲು ಕಾಣದ ಸೀರೆ! ಮಡಿಸಿಟ್ಟ ಜಾಗದಲ್ಲೇ ಸತ್ತುಹೋಗಿತ್ತು. ಗಂಡ ಬದುಕಿದ್ದಾಗ "ಒಂದು ಸಲ ಉಟ್ಕೊಳ್ಳೇ, ನೋಡ್ತೀನಿ" ಅಂತ ಎಷ್ಟು ಸಲ ಕೇಳಿದ್ದನೋ. ಹೊನ್ನಮ್ಮ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ನರ್ಸಮ್ಮ ಒಂದು ತುಂಡಲ್ಲಿ ಕೂಸು ಸುತ್ತಿ ತಂದು ಅವಳ ಮಡಿಲಿಗೇ ಹಾಕಿದಳು. ಕೂಸಿನ ಕಾಲ ಹತ್ರ ಜರಿಯಂಚು ಮಿರಮಿರ ಅಂತಿತ್ತು. ಅದನ್ನ ನೋಡ್ತಾ ನೋಡ್ತಾ ಅವಳಿಗೆ ಅಳುನೂ ಬಂತು, ನಗುನೂ ಬಂತು.

ಈರಕ್ಯಾತ ಮಾತ್ರ ಉಳಿದ ತುಂಡುಗಳನ್ನ ಎತ್ತಿ ಎತ್ತಿ ನೋಡ್ದ. ಎಳೆದ, ಹರೀತು. ಮುಖ ಸಣ್ಣಗಾಯ್ತು.

"ಅವ್ವಾ, ಇದು ಬಾಳಿಕೆ ಬರಲಿಲ್ಲ."

"ಹೂಂ ಮಗಾ. ಬರಲಿಲ್ಲ" ಅಂದಳು ಅವಳು, ಕೂಸಿನ ಮೇಲಿಂದ ಕಣ್ಣು ತೆಗೀದೆ.

ಅವಳು ತಲೆ ಎತ್ತೋ ಹೊತ್ತಿಗೆ ಮಗನೂ ಇಲ್ಲ, ಸೀರೆ ತುಂಡುಗಳೂ ಇಲ್ಲ. ಕಿಟಕಿಯಾಚೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು.

"ಎಲ್ಲಿಗೋ ಈರಾ? ನಾವು ಮನೆಗೆ ಹೋಗೋದು ಹೆಂಗೋ!"

"ರೇಷ್ಮೆ ಅಂಗಡಿಗವ್ವಾ! ವಾಪಸ್ ಕೊಟ್ಟು ಬರ್ತೀನಿ!"