ಕರಿಗೇರಿನ ಸೊನೆ ಕಪ್ಪಾದದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡವನ್ನು ಒತ್ತಿದರೆ ಬೆರಳಿನ ಗುರುತು ಉಳಿಯುತ್ತಿತ್ತು.

ಆಗ ಯಾವ ಮರದ ಸೊನೆಯೂ ಸುಡುತ್ತಿರಲಿಲ್ಲ. ಸೊನೆ ಅಂದರೆ ಮರದ ಹಾಲು. ಎಲ್ಲ ಮರದ್ದೂ ತಣ್ಣಗಿತ್ತು.

ಗುಡ್ಡದ ಬುಡದಲ್ಲಿ ಒಂದು ಹಳ್ಳ. ಹಳ್ಳದ ಈಚೆ ದಡದಲ್ಲಿ ಗೇರುಮರ. ಗೋಡಂಬಿ ಬಿಡುವ ಗೇರಲ್ಲ, ಕಾಡಿನ ಗೇರು. ಆಚೆ ದಡದಲ್ಲಿ ಮಾವಿನಮರ. ಎರಡೂ ಒಂದೇ ತಾಯಿಯ ಮಕ್ಕಳು. ಗೇರು ಅಕ್ಕ, ಮಾವು ತಂಗಿ.

ಹಳ್ಳದ ಪಕ್ಕದ ಗುಡಿಸಲಲ್ಲಿ ಜಡೆಯ, ಅವನ ಹೆಂಡತಿ ಕೇತಮ್ಮ, ಅವರ ಕೂಸು ಬೊಮ್ಮಿ. ಕೇತಮ್ಮ ಗೆಣಸು ಅಗೆಯಲು ಹೋಗುವಾಗ ಗೇರಿನ ಕೊಂಬೆಗೆ ಬಟ್ಟೆಯ ಜೋಲಿ ಕಟ್ಟಿ, ಕೂಸನ್ನು ಅದರೊಳಗೆ ಮಲಗಿಸುತ್ತಿದ್ದಳು.

"ಗೇರಕ್ಕಾ, ಸ್ವಲ್ಪ ನೋಡ್ಕೋ."

"ನೀ ಹೋಗವ್ವ. ನಾನಿದ್ದೀನಿ."

ಗೇರಿನ ಎಲೆ ಅಗಲ. ಬಿಸಿಲು ತಿರುಗಿದ ಕಡೆ ಎಲೆ ತಿರುಗಿಸಿ ಕೂಸಿನ ಮುಖಕ್ಕೆ ನೆರಳು ಹಿಡಿಯುತ್ತಿತ್ತು. ಬೇರೆ ಯಾವ ಮರಕ್ಕೂ ಆ ಕೆಲಸ ಇರಲಿಲ್ಲ. ಗೇರಿಗೆ ಅದೇ ಹೆಮ್ಮೆ.

ಆಮೇಲೆ ಮಾವು ಹೂ ಬಿಟ್ಟಿತು. ಹಳ್ಳದ ತುಂಬ ಕಂಪು. ಕೇತಮ್ಮ ಮೂಗರಳಿಸಿದಳು. ಜೋಲಿ ಬಿಚ್ಚಿದಳು. ಹಳ್ಳ ದಾಟಿ ಮಾವಿಗೆ ಕಟ್ಟಿದಳು. ಗೇರನ್ನು ಒಂದು ಮಾತು ಕೇಳಲಿಲ್ಲ.

"ಅಕ್ಕಾ, ನೋಡಿದ್ಯಾ? ಕೂಸು ನನ್ನ ಎಲೆ ಹಿಡ್ಕೊಂಡು ಬಿಡ್ತಾನೇ ಇಲ್ಲ!" ಅಂದಿತು ಮಾವು.

"ನನಗೂ ಕಣ್ಣಿದೆ."

"ನಿನ್ನ ಹತ್ರ ಇದ್ದಾಗ ಬರೀ ಅಳ್ತಿತ್ತಂತೆ?"

"ಯಾರು ಹೇಳಿದ್ದು?"

"ಹಳ್ಳ."

"ಹಳ್ಳಕ್ಕೆ ಬಾಯಿ ಜಾಸ್ತಿ."

ಹಳ್ಳ ಕೇಳಿಸಿದರೂ ಕೇಳಿಸದ ಹಾಗೆ ಹರಿಯಿತು.

ಆಚೆ ದಡದಲ್ಲಿ ಕೂಸು ನಕ್ಕರೆ ಈಚೆ ದಡದಲ್ಲಿ ಗೇರಿನ ತೊಗಟೆ ಬಿರಿಯುತ್ತಿತ್ತು. ನೆರಳು ಹಿಡಿಯಲು ಯಾರೂ ಇರಲಿಲ್ಲ. ಆದರೂ ಬಿಸಿಲು ತಿರುಗಿದ ಕಡೆ ಎಲೆ ತಿರುಗುತ್ತಿತ್ತು. ಅದನ್ನು ಕಂಡು ಗೇರಿಗೆ ತನ್ನ ಮೇಲೇ ಸಿಟ್ಟು ಬಂತು.

ಗೇರು ಗಾಳಿಯನ್ನು ಕರೆಯಿತು. "ಅವಳ ಹೂವೆಲ್ಲ ಉದುರಿಸು."

"ಉದುರಿಸಿದೆನಲ್ಲ. ಉದುರೋದು ಉದುರ್ತು. ಮಿಕ್ಕಿದ್ದು ಕಾಯಾಯ್ತು," ಅಂದಿತು ಗಾಳಿ.

ಕಾಯೂ ಆಯಿತೇ! ಗೇರಿಗೆ ತಡೆಯಲಾಗಲಿಲ್ಲ. ಬೇರನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಸಿತು. ಗುಡ್ಡದ ಹೊಟ್ಟೆಯಲ್ಲಿ ಬೆಂಕಿ ಮಲಗಿತ್ತು. ಅದನ್ನು ಎಬ್ಬಿಸಿತು.

"ನನ್ನ ತಂಗೀನ ಮುಟ್ಟಿದವರಿಗೆ ಉರಿ ಹತ್ತಬೇಕು. ಆಗ ಯಾರೂ ಅವಳ ಹತ್ರ ಹೋಗಲ್ಲ."

"ನನಗೆ ಕಾಲಿಲ್ಲ," ಅಂದಿತು ಬೆಂಕಿ. "ನೀನೇ ಹೀರ್ಕೋ. ಬೇರಿನಲ್ಲಿ ಆಚೆ ದಡಕ್ಕೆ ದಾಟಿಸು."

ಗೇರು ಹೀರಿತು. ಮೈಯೆಲ್ಲ ಉರಿಯಿತು. ಆದರೂ ಹೀರಿತು. ಬೇರನ್ನು ಹಳ್ಳದ ಅಡಿಯಿಂದ ಆಚೆಗೆ ಚಾಚಿತು. ಆದರೆ ಹಳ್ಳದ ನೀರು ತಣ್ಣಗೆ ಮೇಲೆ ಹರಿಯುತ್ತಿತ್ತು. ದಾಟಲು ಹೊರಟ ಉರಿಯೆಲ್ಲ ದಾರಿಯಲ್ಲೇ ಆರಿತು. ಒಂದೇ ಒಂದು ಹನಿ ಮಾವಿಗೆ ತಲುಪಿ ಕಾಯಿಯ ತೊಟ್ಟಿನಲ್ಲಿ ಕೂತಿತು.

ಉಳಿದ ಬೆಂಕಿಯೆಲ್ಲ ಗೇರಿನ ಸೊನೆಯಲ್ಲೇ ಉಳಿಯಿತು.

ಮಾವು ಹಣ್ಣಾಯಿತು. ಒಂದು ದಿನ ದೊಡ್ಡ ಹಣ್ಣೊಂದು ಜೋಲಿಯ ಪಕ್ಕ ಧೊಪ್ಪನೆ ಬಿತ್ತು.

"ಅಯ್ಯೋ, ಕೂಸಿನ ತಲೆ ಮೇಲೆ ಬಿದ್ದಿದ್ರೆ!" ಕೇತಮ್ಮ ಗಂಡನನ್ನು ಕೂಗಿದಳು. "ಬಾ ಇಲ್ಲಿ. ಜೋಲಿ ಬಿಚ್ಚು. ನಮ್ಮ ಗೇರಕ್ಕನ ಹತ್ರವೇ ವಾಸಿ."

"ಕಟ್ಟು ಅಂತೀಯ, ಬಿಚ್ಚು ಅಂತೀಯ," ಗೊಣಗಿದ ಜಡೆಯ. ಬಿಚ್ಚಿದ.

ಅವರು ಹಳ್ಳ ದಾಟಿ ಬಂದರು. "ಮುಟ್ಟಬೇಡಿ" ಅನ್ನಬೇಕಿತ್ತು ಗೇರು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಆಚೆ ದಡದಲ್ಲಿ ತಂಗಿ ನಿಂತಿತ್ತು. ಖಾಲಿ ಕೊಂಬೆ ಹೊತ್ತು ನೋಡುತ್ತಿತ್ತು.

ನೋಡಲಿ, ಅಂದುಕೊಂಡಿತು ಗೇರು. ಒಂದು ಗಳಿಗೆ ಅವಳೂ ನೋಡಲಿ.

ಸುಮ್ಮನಾಯಿತು.

ಹಗ್ಗ ಜಾರದಿರಲಿ ಎಂದು ಜಡೆಯ ಕತ್ತಿಯಿಂದ ಕೊಂಬೆಗೆ ಕಚ್ಚು ಹಾಕಿದ. ಸೊನೆ ಒಸರಿತು. ಆಗ ಅದಕ್ಕೆ ಬಣ್ಣವಿರಲಿಲ್ಲ, ನೀರಿನಂತಿತ್ತು. ಯಾರಿಗೂ ಕಾಣಲಿಲ್ಲ. ಹಗ್ಗಕ್ಕೆ ಹತ್ತಿತು, ಜೋಲಿಗೆ ಇಳಿಯಿತು. ಬೊಮ್ಮಿ ಜೋಲಿಯ ಅಂಚು ಹಿಡಿದು ಕೇಕೆ ಹಾಕಿದಳು.

ಸಂಜೆಗೆ ಆ ಕೇಕೆ ಅಳುವಾಯಿತು. ಅಂಗೈ ಕೆಂಪಾಯಿತು. ಮೊಣಕೈವರೆಗೆ ಗುಳ್ಳೆ ಎದ್ದವು. ಜಡೆಯನ ಕೈಗೂ ದದ್ದು ಎದ್ದಿತು.

"ಇದೇ ಮರದ್ದು ಕೆಲಸ!" ಜಡೆಯ ಒಲೆಯಿಂದ ಕೊಳ್ಳಿ ಎತ್ತಿಕೊಂಡು ಓಡಿಬಂದ. "ಸುಟ್ಟು ಬೂದಿ ಮಾಡ್ತೀನಿ!"

"ಸುಡಬೇಡ!" ಗೇರು ಕೂಗಿತು. "ಸುಟ್ಟರೆ ಉರಿ ಹೊಗೆ ಜೊತೆ ಬರ್ತದೆ. ಕೂಸಿನ ಕಣ್ಣಿಗೆ ಹೋಗ್ತದೆ, ಗಂಟಲಿಗೆ ಹೋಗ್ತದೆ. ನನ್ನ ಆಮೇಲೆ ನೋಡ್ಕೋ. ಮೊದಲು ಕೂಸನ್ನ ಹಳ್ಳಕ್ಕೆ ಇಳಿಸು."

ಜೋಲಿಯ ಪಕ್ಕದಲ್ಲಿದ್ದ ಕೇತಮ್ಮ ತಲೆಯೆತ್ತಿ ನೋಡಿದಳು. "ಗೇರಕ್ಕಾ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಇದ್ದೆ."

ಕೇತಮ್ಮ ಕೂಸನ್ನು ಎತ್ತಿಕೊಂಡಳು. "ನೀರು ಕಾಯಿಸು," ಅಂದಳು ಗಂಡನಿಗೆ.

"ಬಿಸಿನೀರು ಬೇಡ," ಅಂದಿತು ಹಳ್ಳ. "ಉರಿಗೆ ಉರಿ ಸೇರಿಸಬೇಡ. ನನ್ನ ನೀರೇ ಸಾಕು. ಬಾ."

"ಬರೀ ನೀರಿಗೆ ಹೋಗಲ್ಲ ಅದು, ಎಣ್ಣೆ ಹಾಗೆ ಹಿಡಿದಿರ್ತದೆ," ಅಂದಿತು ದಡದ ಅಂಟವಾಳದ ಮರ. ಕಾಯಿ ಉದುರಿಸಿತು. "ಜಜ್ಜಿ ನೊರೆ ಮಾಡ್ಕೋ. ಹತ್ತಿದ ತಕ್ಷಣ ತೊಳೆದಿದ್ರೆ ಇಷ್ಟು ಏಳ್ತಿರಲಿಲ್ಲ."

ಕೇತಮ್ಮ ನೊರೆ ಹಚ್ಚಿ ಮೆಲ್ಲಗೆ ತೊಳೆದಳು. ಹರಿಯುವ ನೀರಲ್ಲಿ ಕೈ ಹಿಡಿದಳು. ಮತ್ತೆ ತೊಳೆದಳು. ಜಡೆಯನೂ ತೊಳೆದುಕೊಂಡ.

"ಜೋಲೀನೂ ಒಗಿ," ಅಂದಿತು ಹಳ್ಳ. "ಹಗ್ಗಾನೂ ತೊಳಿ, ಕತ್ತೀನೂ ತೊಳಿ. ಸೊನೆ ಅಲ್ಲಿ ಕೂತಿದ್ರೆ ನಾಳೆ ಮತ್ತೆ ಸುಡ್ತದೆ."

ಕೂಸು ತುರಿಸಿಕೊಳ್ಳಲು ಕೈ ಎತ್ತಿತು. ಕೇತಮ್ಮ ಆ ಕೈ ಹಿಡಿದುಕೊಂಡಳು. ಗುಳ್ಳೆ ಒಡೆಯಲು ಬಿಡಲಿಲ್ಲ. ತಣ್ಣೀರಿನ ಬಟ್ಟೆ ಸುತ್ತಿದಳು. ಬಟ್ಟೆ ಒಣಗಿದರೆ ಮತ್ತೆ ನೆನೆಸಿದಳು. ಮಾವು ಕೂಸಿಗೆ ಎಲೆ ಬೀಸಿತು. ಈಚೆ ದಡದಲ್ಲಿ ಗೇರು ಎಲೆ ಅಲ್ಲಾಡಿಸಲಿಲ್ಲ. ಬೀಸಲೂ ಹೆದರಿಕೆ.

ಗುಳ್ಳೆ ಬತ್ತಿತು. ಸಿಪ್ಪೆ ಎದ್ದು ಹೊಸ ಚರ್ಮ ಬಂತು. ಬೊಮ್ಮಿ ನಕ್ಕಳು. ಜೋಲಿ ಮತ್ತೆ ಮಾವಿಗೆ ಹೋಯಿತು, ಈ ಸಲ ಹಣ್ಣಿಲ್ಲದ ಕೊಂಬೆಗೆ.

ಗೇರು ಗಾಳಿಯನ್ನು ಕರೆಯಿತು.

"ನನ್ನೊಳಗಿನ ಉರಿ ತೆಗೆದುಬಿಡು."

"ಆಗಲ್ಲ. ಹೀರಿದವಳು ನೀನು."

"ಹಾಗಾದ್ರೆ ಕಾಣೋ ಹಾಗಾದ್ರೂ ಮಾಡು. ನಾನು ಬಾಯಿ ಬಿಡದಿದ್ರೂ ಅವರಿಗೆ ಗೊತ್ತಾಗಬೇಕು."

"ಮತ್ತೆ ಬಾಯಿ ಬಿಡಲ್ವಾ ನೀನು?"

ಆಚೆ ದಡದಲ್ಲಿ ಕೂಸು ಕೇಕೆ ಹಾಕಿತು. ಈಚೆ ದಡದಲ್ಲಿ ತೊಗಟೆ ಬಿರಿಯಿತು.

"ನನ್ನ ಮೇಲೆ ನನಗೆ ನಂಬಿಕೆ ಇಲ್ಲ," ಅಂದಿತು ಗೇರು.

ಗಾಳಿ ಬಂದು ಕೊಂಬೆಯ ಕಚ್ಚನ್ನು ಮುಟ್ಟಿತು. ಸೊನೆ ಕರ್ರಗಾಯಿತು. ಒರೆಸಿದರೂ ಹೋಗದ ಕಪ್ಪು. ಅಂದಿನಿಂದ ಜನ ಆ ಮರವನ್ನು ಕರಿಗೇರು ಅಂದರು.

ಮಾವಿಗೆ ದಾಟಿದ ಆ ಒಂದು ಹನಿ ಇನ್ನೂ ಅಲ್ಲೇ ಇದೆ. ಕಿತ್ತ ಹಣ್ಣನ್ನು ತೊಳೆಯದೆ ಬಾಯಿಗಿಟ್ಟರೆ ತುಟಿ ಉರಿಯುವುದು ಅದರಿಂದಲೇ.

ಗುಡ್ಡಕ್ಕೆ ಹೋದಾಗ ಅಗಲ ಎಲೆಯ ಮರವೊಂದರ ತೊಗಟೆಯ ಮೇಲೆ ಕರ್ರಗೆ ಗೆರೆ ಇಳಿದಿದ್ದರೆ ಕೈ ಹಿಂದಕ್ಕೆ ತಗೋ, ಮಗಾ. ಗೇರು ಅಂದು ಆಡದೆ ನುಂಗಿದ ಮಾತನ್ನು ಇಂದಿಗೂ ಆ ಗೆರೆಯಲ್ಲಿ ಹೇಳುತ್ತದೆ.