ತಳ ಮುಟ್ಟಿ ನೋಡಬೇಕಾದ ಪೆಟ್ಟಿಗೆ

ಒಂದಾನೊಂದು ಊರಿನಲ್ಲಿ, ಕೇಳಿ, ಮೇಲೂರು, ನಡುವೂರು, ಕೆಳಗೂರು ಎಂಬ ಮೂರು ರಾಜ್ಯಗಳ ಗಡಿ ಕೂಡುವ ಊರಿನಲ್ಲಿ, ಒಂದೇ ಒಂದು ಕಟ್ಟಳೆ ಇತ್ತು. ಜನ ತಮ್ಮ ಮುಪ್ಪಿಗೆಂದು ಸುರಿದಿಡುವ ಅಕ್ಕಿ ಕಾಯುವ ಪೆಟ್ಟಿಗೆಗೆ ವರ್ಷಕ್ಕೊಮ್ಮೆ ತಳದವರೆಗೆ ಕೈಹಾಕಿ ನೋಡಬೇಕು. ನೋಡಿದ ಮೇಲೆಯೇ ಮೊಹರು ಒತ್ತಬೇಕು. ಮೂವರು ರಾಜರೂ ಇದಕ್ಕೆ ಆಣೆಯಿಟ್ಟಿದ್ದರು. ಮೂವರೂ ಮುರಿದರು. ಮೊಹರು ಒತ್ತುವ ಚೆನ್ನಾಜಮ್ಮನೂ ಮುರಿದಳು.

ಪೆಟ್ಟಿಗೆಗೆ ಕಾಲಿತ್ತು, ಬಾಯಿಯೂ ಇತ್ತು. ಯಾವ ರಾಜ್ಯದಲ್ಲಿ ತಂಗುತ್ತೋ ಅಲ್ಲಿನ ರಾಜನಿಗೆ ದಿನಕ್ಕೊಂದು ಮೂಟೆ ಅಕ್ಕಿ ಕಾಣಿಕೆ ಕೊಡುತ್ತಿತ್ತು. ಒಂದು ವರ್ಷ ಅದು ಮೇಲೂರಿನಲ್ಲಿದ್ದಾಗ, ಚೆನ್ನಾಜಮ್ಮ ಸೆರಗು ಸಿಕ್ಕಿಸಿ ಕೈಹಾಕಲು ಬಂದಾಗ ಅದು ಕಿಸಕ್ಕನೆ ನಕ್ಕಿತು.

“ಅಯ್ಯೋ, ಕಚಗುಳಿಯಾಗುತ್ತೆ ಕಣಮ್ಮ! ನಡುವೂರಿನಲ್ಲಿ ಬರೀ ಇಣುಕಿ ನೋಡ್ತಾರಂತೆ. ಅಲ್ಲಿಗೇ ಹೋಗ್ತೀನಿ.”

ಮೇಲೂರಿನ ರಾಜ ಗಡಗಡ ನಡುಗಿದ. “ಹೋಗಬೇಡಪ್ಪಾ! ನಾವೂ ಇಣುಕ್ತೀವಿ, ಅಷ್ಟೇ.”

ಇದನ್ನು ಕೇಳಿದ ನಡುವೂರಿನ ರಾಜ, “ನಮ್ಮಲ್ಲಿ ಇಣುಕೋದೂ ಇಲ್ಲ, ಹೊರಗಿಂದ ತಟ್ತೀವಿ” ಎಂದ. ಕೆಳಗೂರಿನ ರಾಜ, “ತಟ್ಟೋದು ಮಹಾಪಾಪ. ನಾವು ಬರೀ ಚೆನ್ನಾಗಿದ್ದೀಯಾ ಅಂತ ಕೇಳ್ತೀವಿ” ಎಂದ. ಕೊನೆಗೆ ಮೂವರೂ ಒಟ್ಟಿಗೆ ಕೂತು ಹೋಳಿಗೆ ತಿಂದು ಒಪ್ಪಂದ ಮಾಡಿಕೊಂಡರು: ಒಬ್ಬ ಕೇಳಿದ್ದರೆ ಉಳಿದಿಬ್ಬರು ಕೇಳಬೇಕಿಲ್ಲ. ಉಳಿದವರು ಕೇಳಿರುತ್ತಾರೆ ಎಂದು ಪ್ರತಿಯೊಬ್ಬನೂ ಅಂದುಕೊಂಡ. ಯಾರೂ ಕೇಳಲಿಲ್ಲ. ಚೆನ್ನಾಜಮ್ಮ ಮೊಹರು ಒತ್ತಿದಳು. ಮರುವರ್ಷವೂ ಒತ್ತಿದಳು.

ಪೆಟ್ಟಿಗೆ ವರ್ಷದಿಂದ ವರ್ಷಕ್ಕೆ ಜೋರಾಗಿ ಓಡತೊಡಗಿತು. “ಏನು ಕಸುವು ನೋಡ್ರೋ ಇದಕ್ಕೆ!” ಎಂದು ಜನ ಇನ್ನೂ ಒಂದು ಹಿಡಿ ಹೆಚ್ಚು ಸುರಿದರು.

ಚೆನ್ನಾಜಮ್ಮನ ಸೋದರಮಾವ ದುಗ್ಗಪ್ಪನಿಗೆ ಮುಪ್ಪು ಬಂತು. ಅವನು ತನ್ನ ಅಕ್ಕಿ ಕೇಳಲು ಹೋದ.

“ಇವತ್ತು ನಾನು ನಡುವೂರಿನ ಪೆಟ್ಟಿಗೆ. ಅಲ್ಲಿಗೆ ಬಾ ತಾತ” ಎಂದು ಪೆಟ್ಟಿಗೆ ಓಡಿತು. ಅಲ್ಲಿಗೆ ಹೋದರೆ, “ಈಗ ಕೆಳಗೂರಿನದು” ಎಂದಿತು.

ಹದಿನೇಳನೆಯ ದಿನ ದುಗ್ಗಪ್ಪ ಹಸಿವಿನಿಂದ ಗಡಿಕಲ್ಲಿನ ಮೇಲೆ ಬಿದ್ದು ಸತ್ತ. ತಲೆ ಮೇಲೂರಿನಲ್ಲಿ, ಹೊಟ್ಟೆ ನಡುವೂರಿನಲ್ಲಿ, ಕಾಲು ಕೆಳಗೂರಿನಲ್ಲಿ.

“ತಲೆಗೆ ಹಸಿವಾಗಲ್ಲ” ಎಂದ ಮೇಲೂರಿನ ರಾಜ.

“ಹೊಟ್ಟೆ ನಮ್ಮದೇ. ಆದರೆ ಉಣ್ಣೋ ಬಾಯಿ ನಿಮ್ಮ ಕಡೆ ಇದೆಯಲ್ಲಾ” ಎಂದ ನಡುವೂರಿನ ರಾಜ.

“ಕಾಲು ನಡೆಯೋದೆಲ್ಲಾ ನಡೆದಿದೆ. ಅದರದ್ದೇನು ತಪ್ಪು?” ಎಂದ ಕೆಳಗೂರಿನ ರಾಜ.

ಪೂರ್ತಿ ಹೆಣ ಯಾರ ಪಾಲಿಗೂ ಬರಲಿಲ್ಲ. ಆದ್ದರಿಂದ ದುಗ್ಗಪ್ಪ ಸತ್ತಿಲ್ಲವೆಂದು ಬರೆದು ಮೂವರೂ ಎದ್ದು ಹೋದರು. ಸಾಯದ ಮಾವನನ್ನು ಚೆನ್ನಾಜಮ್ಮ ಒಬ್ಬಳೇ ಮಣ್ಣು ಮಾಡಿದಳು.

ಮರುದಿನವೇ ಮೂವರು ರಾಜರೂ ಡಂಗುರ ಹೊಡೆಸಿದರು. ಇನ್ನು ಮುಂದೆ ಪೆಟ್ಟಿಗೆ ಹುಟ್ಟದ ಮಕ್ಕಳ ಅಕ್ಕಿಯನ್ನೂ ಕಾಯುತ್ತದಂತೆ. ಮೊಹರೊಂದೇ ಬಾಕಿ. ಬಸುರಿಯರು ಮಡಿಲಲ್ಲಿ ಅಕ್ಕಿ ಕಟ್ಟಿಕೊಂಡು ಸಾಲು ನಿಂತರು.

“ಬೇಗ ಒತ್ತಮ್ಮ ಚೆನ್ನಾಜಮ್ಮ, ಪೆಟ್ಟಿಗೆ ಹೊರಟುಬಿಟ್ಟೀತು!” ಎಂದ ಮೇಲೂರಿನ ರಾಜ.

“ಒತ್ತೋದಿಲ್ಲ, ಬುದ್ಧಿ.”

ಅವಳು ಸೆರಗು ಸಿಕ್ಕಿಸಿದಳು. ಮುಚ್ಚಳ ತೆಗೆದಳು.

“ಕಚಗುಳಿ! ಕಚಗುಳಿ!” ಎಂದು ಪೆಟ್ಟಿಗೆ ಚೀರಿತು.

ಮೊಣಕೈ ಮುಳುಗಿತು, ತೋಳು ಮುಳುಗಿತು, ಹೆಗಲು ಮುಳುಗಿತು. ಕೈಗೆ ಅಕ್ಕಿ ಸಿಗಲಿಲ್ಲ. ತಳದ ಹಲಗೆಯೂ ಸಿಗಲಿಲ್ಲ. ಕೆಳಗಿನ ತಣ್ಣನೆಯ ನೆಲ ಸಿಕ್ಕಿತು. ಚೆನ್ನಾಜಮ್ಮ ಅದನ್ನೇ ಒಂದು ಹಿಡಿ ಬಾಚಿ ಮೇಲೆತ್ತಿದಳು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ, ಮೊಹರು ಒತ್ತಬೇಕಿದ್ದ ಜಾಗದಲ್ಲಿ ಆ ಮಣ್ಣನ್ನು ಇಟ್ಟಳು.