ಒಂದು ಚಮಚ ಹೆಪ್ಪು

ಪಾತ್ರೆ ವ್ಯಾಪಾರಿ ಗುರುಬಸಪ್ಪ ಹೊಸ ಊರಿನಲ್ಲಿ ಮನೆ ಕಟ್ಟಿಸಿದ. ತಾಯಿ ಕೊಟ್ರಮ್ಮ, ಹೆಂಡತಿ ದಾಕ್ಷಾಯಿಣಿ, ಪುಟ್ಟ ಮಗಳು ಗಿರಿಜೆಯನ್ನು ಕರೆದುಕೊಂಡು ಬಂದ. ಜೊತೆಗೆ ಬಂಡಿಗಟ್ಟಲೆ ಸಾಮಾನು. ಉಪ್ಪಿನಿಂದ ಸೂಜಿದಾರದವರೆಗೆ ಯಾವುದನ್ನೂ ಬಿಟ್ಟು ಬಂದಿರಲಿಲ್ಲ.

"ಯಾವುದಕ್ಕೂ ಇನ್ನೊಬ್ಬರ ಬಾಗಿಲು ತಟ್ಟಬೇಕಾಗಿಲ್ಲ, ನೋಡು" ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದ.

ಮನೆಯಲ್ಲಿ ಎಲ್ಲವೂ ಇತ್ತು. ಆದರೆ ಗಿರಿಜೆ ಸಂಜೆಯಾಗುತ್ತಲೇ ಹೊಸ್ತಿಲ ಮೇಲೆ ಕುಳಿತು ಕೇಳುತ್ತಿದ್ದಳು: "ಅಪ್ಪಾ, ನಮ್ಮನೆಗೆ ಯಾವಾಗ ಹೋಗೋದು?"

"ಇದೇ ಕಣವ್ವ ನಮ್ಮನೆ."

"ಇದು ಹೊಸಮನೆ. ನಾನು ಕೇಳಿದ್ದು ನಮ್ಮನೆ."

ಮಗಳು ಸರಿಯಾಗಿ ಉಣ್ಣುತ್ತಿರಲಿಲ್ಲ. ಗುರುಬಸಪ್ಪನಿಗೆ ಸಂಕಟವಾಯಿತು. ಮಲಗುವ ಜಾಗ ಹಿಡಿಸಲಿಲ್ಲವೇನೋ ಎಂದು ಮಂಚವನ್ನು ಕಿಟಕಿಯ ಬಳಿಗೆ ಎಳೆದ. ಮರುದಿನ ಗೋಡೆಯ ಬಳಿಗೆ ತಳ್ಳಿದ. ಪೆಟ್ಟಿಗೆಗಳನ್ನು ಅತ್ತಿಂದಿತ್ತ ಸಾಗಿಸಿದ. ಗಿರಿಜೆ ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ ದಿನಕ್ಕೊಂದು ಗೋಡೆ. ಅವಳು ಇನ್ನಷ್ಟು ಅತ್ತಳು.

ಕೊಟ್ರಮ್ಮ ಎಲ್ಲವನ್ನೂ ನೋಡುತ್ತಿದ್ದಳು.

ಒಂದು ಸಂಜೆ ದಾಕ್ಷಾಯಿಣಿ ಹಾಲು ಕಾಯಿಸಿ ಮೊಸರಿನ ಗಡಿಗೆಗೆ ಕೈಹಾಕಿದಳು. ಗಡಿಗೆ ಬರಿದಾಗಿತ್ತು.

"ಅತ್ತೆ, ಹಾಲಿಗೆ ಹಾಕೋಕೆ ಹೆಪ್ಪಿಲ್ಲ!"

ಗುರುಬಸಪ್ಪ ಚಪ್ಪಲಿ ಮೆಟ್ಟಿಕೊಂಡ. "ಪೇಟೆಯಿಂದ ತರ್ತೀನಿ."

"ಮೊಸರು ಮಾರೋಳು ಬೆಳಿಗ್ಗೇನೇ ಬಂದು ಹೋದಳು" ಎಂದಳು ಕೊಟ್ರಮ್ಮ. "ಪಕ್ಕದ ಮನೆಗೆ ಹೋಗಿ ಕೇಳಮ್ಮ."

ದಾಕ್ಷಾಯಿಣಿ ಹಿಂಜರಿದಳು. "ಅವರ ಪರಿಚಯವೇ ಇಲ್ಲವಲ್ಲ, ಅತ್ತೆ?"

"ಹೆಪ್ಪು ಕೇಳೋಕೆ ಪರಿಚಯ ಬೇಡ. ಬಟ್ಟಲು ಬೇಕು. ಗಿರಿಜೆಯನ್ನೂ ಕರ್ಕೊಂಡು ಹೋಗು."

ಪಕ್ಕದ ಮನೆಯ ತಾಯಕ್ಕ ಬಟ್ಟಲು ನೋಡಿದವಳೇ ನಕ್ಕುಬಿಟ್ಟಳು. "ಅಂತೂ ಬಂದಿರಲ್ಲ! ಇವರು ಮೊಸರೇ ಉಣ್ಣೋದಿಲ್ಲವೇನೋ ಅಂದ್ಕೊಂಡಿದ್ದೆ. ಬನ್ನಿ, ಕೂತ್ಕೊಳ್ಳಿ. ಅಂದಹಾಗೆ, ನಿಮ್ಮನೇಲಿ ದಿನಾ ಅದೇನು ಸದ್ದು? ಒಳಗೆ ಗಾಣ ಇಟ್ಟಿದ್ದೀರಾ?"

"ಗಾಣ ಅಲ್ಲಕ್ಕ, ಗಂಡ. ಮಂಚ ಎಳೀತಾರೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಗಿರಿಜೆ ತಾಯಕ್ಕನ ಮೊಮ್ಮಗಳು ಪಾರಿಯ ಜೊತೆ ಹಿತ್ತಲು ಸೇರಿಯಾಗಿತ್ತು. ಒಂದು ಚಮಚ ಹೆಪ್ಪಿಗೆ ಹೋದವರು ತಿರುಗಿ ಬರುವಷ್ಟರಲ್ಲಿ ಕಾದ ಹಾಲು ಉಗುರುಬೆಚ್ಚಗಾಗಿತ್ತು.

ಕೊಟ್ರಮ್ಮ ಹೆಪ್ಪು ಹಾಕಿ, ಒಮ್ಮೆ ಕದಡಿ, ಗಡಿಗೆಯನ್ನು ಒಲೆಯ ಪಕ್ಕದಲ್ಲಿಟ್ಟು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಗುರುಬಸಪ್ಪ ಅಲ್ಲಿಗೆ ಬಂದ. "ಆ ಮೂಲೇಲಿ ಇನ್ನೂ ಬೆಚ್ಚಗಿರುತ್ತೆ" ಎನ್ನುತ್ತ ಗಡಿಗೆ ಎತ್ತಲು ಹೋದ.

"ಕೈ ತೆಗಿಯೋ! ಅಲ್ಲಾಡಿಸ್ತಾ ಇದ್ದರೆ ಎಲ್ಲಾದರೂ ಹೆಪ್ಪುಗಟ್ಟುತ್ತೇನು?"

ಗುರುಬಸಪ್ಪ ಕೈ ತೆಗೆದ. ತಾಯಿಯ ಮುಖ ನೋಡಿದ. ನಡುಮನೆಯಲ್ಲಿದ್ದ ಮಂಚವನ್ನೂ ನೋಡಿದ. ಅದನ್ನು ಮತ್ತೆ ಎಳೆಯಲಿಲ್ಲ.

ಬೆಳಿಗ್ಗೆ ಮುಚ್ಚಳ ತೆಗೆದರೆ ಗಟ್ಟಿ ಮೊಸರು, ಮೇಲೆ ದಪ್ಪನೆಯ ಕೆನೆ. ಗಿರಿಜೆ ಗಬಗಬನೆ ಮೊಸರನ್ನ ಉಂಡು, ಕೈಯನ್ನೂ ತೊಳೆಯದೆ ಹಿತ್ತಲಿಗೆ ಓಡಿದಳು. ಗೋಡೆಯಾಚೆಗೆ ಕೂಗಿದಳು:

"ಪಾರೀ, ಬಾರೇ ಆಡೋಣ! ನಮ್ಮನೆಗೆ ಬಾ!"

ಗುರುಬಸಪ್ಪ ಊಟದ ನಡುವೆ ತುತ್ತು ನಿಲ್ಲಿಸಿದ. ಕಣ್ಣು ತುಂಬಿ ಬಂತು. ತಡೆದುಕೊಂಡು, ತಾಯಿಯ ಕಡೆ ತಿರುಗಿದ.

"ಅವ್ವಾ, ನೀನು ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಹಳೇ ಮನೆಯ ಹೆಪ್ಪು ತಂದಿದ್ದೆ. ದಿನಾ ಒಂದಿಷ್ಟು ಉಳಿಸ್ತಿದ್ದೆ. ನಿನ್ನೆ ಅದು ಹೇಗೆ ಮುಗೀತು?"

"ನಾನೇ ತಿಂದೆ."

"ಎಲ್ಲಾನೂ?"

"ಗಡಿಗೆ ಬಳಿದು ತಿಂದೆ" ಎಂದಳು ಕೊಟ್ರಮ್ಮ. "ನಿನ್ನ ಮನೇಲಿ ಇಲ್ಲದ ವಸ್ತು ಒಂದಾದರೂ ಬೇಕಿತ್ತಲ್ಲಪ್ಪ. ಇಲ್ಲದಿದ್ದರೆ ನಿನ್ನ ಹೆಂಡತಿ ಮಗಳು ಹೊಸ್ತಿಲು ದಾಟೋದು ಯಾವಾಗ?"

ದಾಕ್ಷಾಯಿಣಿ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಹಿತ್ತಲಲ್ಲಿ ಇಬ್ಬರು ಹುಡುಗಿಯರು ಗುರುಬಸಪ್ಪನ ಹೊಸ ತಪ್ಪಲೆಯನ್ನು ಡೋಲು ಮಾಡಿಕೊಂಡು ಬಡಿಯುತ್ತಿದ್ದರು. ಅವನು ಬೈಯಲಿಲ್ಲ.

ನೀತಿ: ಸಾಮಾನು ತುಂಬಿದ ಮಾತ್ರಕ್ಕೆ ಹೊಸಮನೆ ನಮ್ಮನೆಯಾಗುವುದಿಲ್ಲ. ಮನೆಯವರನ್ನು ಬೆಚ್ಚಗಿಟ್ಟು, ನೆರೆಯವರಿಂದ ಒಂದು ಚಮಚ ಕೇಳಿ ಪಡೆದು, ಆಮೇಲೆ ಅಲ್ಲಾಡಿಸದೆ ಬಿಡಬೇಕು. ಮನಸ್ಸು ತಾನಾಗಿ ಹೆಪ್ಪುಗಟ್ಟುತ್ತದೆ.